ಖಜಾನೆಯಲ್ಲಿ ವೈರಮುಡಿ, ಬೆಟ್ಟದಲ್ಲಿ ನಾಡಹಬ್ಬ: ಧರ್ಮನಿರಪೇಕ್ಷ ಸರ್ಕಾರಕ್ಕೆ ದೇವರ ಕೆಲಸವೇಕೆ?

ಮೇಲುಕೋಟೆಯ ಚೆಲುವನಾರಾಯಣಸ್ವಾಮಿಗೆ ಫಾಲ್ಗುಣ ಮಾಸದ ಉತ್ಸವದಲ್ಲಿ ತೊಡಿಸುವ ವೈರಮುಡಿ ಕಿರೀಟವು ವರ್ಷದ ಉಳಿದ ದಿನಗಳಲ್ಲಿ ಇರುವುದು ದೇವಸ್ಥಾನದಲ್ಲಲ್ಲ, ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಜಿಲ್ಲಾಡಳಿತದ ಅಧಿಕಾರಿಗಳ ಸಮಕ್ಷಮದಲ್ಲಿ ಅದನ್ನು ಹೊರತೆಗೆದು, ಪೂಜೆ ಸಲ್ಲಿಸಿ, ಪೊಲೀಸ್ ಬೆಂಗಾವಲಿನಲ್ಲಿ ಮೇಲುಕೋಟೆಗೆ ಒಯ್ಯುತ್ತಾರೆ. ದಾರಿಯ ಹಳ್ಳಿಗಳವರು ಪೂಜೆ ಮಾಡಿ ಕಳಿಸುತ್ತಾರೆ, ರಾತ್ರಿ ಉತ್ಸವ ನಡೆಯುತ್ತದೆ, ಮುಗಿದ ಮೇಲೆ ಕಿರೀಟ ಮತ್ತೆ ಸರ್ಕಾರದ ವಶಕ್ಕೆ ಬರುತ್ತದೆ. ಇದೇ ಜಿಲ್ಲೆಯ ಕನ್ನಂಬಾಡಿ ಕಟ್ಟೆ ತುಂಬಿದಾಗ ರಾಜ್ಯದ ಮುಖ್ಯಮಂತ್ರಿ ಕಾವೇರಿಗೆ ಬಾಗಿನ ಅರ್ಪಿಸುತ್ತಾರೆ. ಪಕ್ಕದ ಮೈಸೂರಿನಲ್ಲಿ ಸರ್ಕಾರವೇ ಸಮಿತಿಗಳನ್ನು ರಚಿಸಿ, ಅನುದಾನ ಕೊಟ್ಟು, ಚಾಮುಂಡೇಶ್ವರಿಯ ಮೂರ್ತಿಯನ್ನು ಚಿನ್ನದ ಅಂಬಾರಿಯಲ್ಲಿ ಮೆರೆಸುತ್ತದೆ.

ಸಂವಿಧಾನದ ಪೀಠಿಕೆಯಲ್ಲಿ ತನ್ನನ್ನು ಧರ್ಮನಿರಪೇಕ್ಷ ಎಂದು ಕರೆದುಕೊಂಡ ದೇಶದಲ್ಲಿ ಇದೆಲ್ಲ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ಧರ್ಮ ಮನೆಯ ಹೊಸ್ತಿಲು ದಾಟಬಾರದು, ಆದ್ದರಿಂದ ಇದೆಲ್ಲವೂ ತಪ್ಪು ಎಂಬುದು ಒಂದು. ಹೆಚ್ಚು ಜನರ ಆಚಾರವೇ ನಾಡಿನ ಸಂಸ್ಕೃತಿ, ಆದ್ದರಿಂದ ಇದನ್ನು ಪ್ರಶ್ನಿಸುವುದೇ ತಪ್ಪು ಎಂಬುದು ಇನ್ನೊಂದು. ಭಾರತದ ಸಂವಿಧಾನ ಈ ಎರಡರಲ್ಲಿ ಯಾವುದನ್ನೂ ಹೇಳುವುದಿಲ್ಲ. ಧರ್ಮವು ಸಾರ್ವಜನಿಕ ಬದುಕಿನಲ್ಲಿ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡೇ ಅದು ಹೊರಡುತ್ತದೆ. ಆಮೇಲೆ ನೋಡಬೇಕಾದದ್ದು, ಪ್ರತಿ ಸಂದರ್ಭದಲ್ಲೂ ಸರ್ಕಾರ ಯಾವ ಪಾತ್ರದಲ್ಲಿ ನಿಂತಿದೆ ಎಂಬುದನ್ನು: ದೇವರ ಆಸ್ತಿ ಕಾಯುವ ಪಾರುಪತ್ತೇಗಾರನಾಗಿಯೇ, ಮುಚ್ಚಿದ ಬಾಗಿಲು ತೆರೆಸುವ ಸುಧಾರಕನಾಗಿಯೇ, ಎಲ್ಲರನ್ನೂ ಕರೆಯುವ ಆತಿಥೇಯನಾಗಿಯೇ, ಅಥವಾ ತಾನೇ ಒಂದು ಮತದ ಭಕ್ತನಾಗಿಯೇ. ಮೊದಲ ಮೂರು ಪಾತ್ರಗಳಿಗೆ ನಮ್ಮ ಸಂವಿಧಾನದಲ್ಲಿ ಜಾಗವಿದೆ. ನಾಲ್ಕನೆಯದಕ್ಕೆ ಇಲ್ಲ. ತೊಡಕು ಹುಟ್ಟುವುದು ಈ ಪಾತ್ರಗಳು ಒಂದರೊಳಗೊಂದು ಬೆರೆತಾಗ.

ಬೇರೆ ದೇಶಗಳ ಮಾದರಿಗಳು ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಫ್ರಾನ್ಸ್ 1905ರ ಕಾನೂನಿನಿಂದ ಚರ್ಚನ್ನು ಸರ್ಕಾರದಿಂದ ಬೇರ್ಪಡಿಸಿತು. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯು ಸರ್ಕಾರ ಯಾವುದೇ ಮತವನ್ನು ಸ್ಥಾಪಿಸುವಂತಿಲ್ಲ ಎಂದಿತು. ಇಂಗ್ಲೆಂಡಿನಲ್ಲಿ ದೊರೆಯೇ ಚರ್ಚಿನ ಮುಖ್ಯಸ್ಥ. ಈ ದೇಶಗಳ ಸಮಸ್ಯೆ ಮುಖ್ಯವಾಗಿ ಚರ್ಚು ಮತ್ತು ಪ್ರಭುತ್ವಗಳ ನಡುವಿನದು. ನಮ್ಮಲ್ಲಾದರೋ ಅನೇಕ ಮತಗಳ ನಡುವಿನ ಪ್ರಶ್ನೆಯ ಜೊತೆಗೆ ಒಂದೇ ಮತದ ಒಳಗಿನ ಅಸಮಾನತೆಯ ಪ್ರಶ್ನೆಯೂ ಇತ್ತು. ದೇವಸ್ಥಾನದ ಹೊರಗೆ ನಿಲ್ಲಿಸಲ್ಪಟ್ಟವನಿಗೆ, ಇದು ಧರ್ಮದ ವಿಷಯ, ನಾನು ಕೈಹಾಕುವುದಿಲ್ಲ ಎಂದು ಸರ್ಕಾರ ಹೇಳಿದರೆ ಅದು ತಟಸ್ಥ ನಿಲುವಾಗದೆ, ಬಾಗಿಲು ಹಾಕಿದವರ ಪಕ್ಷ ವಹಿಸಿದಂತಾಗುತ್ತಿತ್ತು.

ಸಂವಿಧಾನ ಸಭೆಯ ಒಂದು ಮತದಾನ

ಧರ್ಮನಿರಪೇಕ್ಷ ಎಂಬ ಪದ ಪೀಠಿಕೆಗೆ ಸೇರಿದ್ದು 1976ರ 42ನೇ ತಿದ್ದುಪಡಿಯಿಂದ, ಅದೂ ತುರ್ತುಪರಿಸ್ಥಿತಿಯ ಕಾಲದಲ್ಲಿ, ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಮಾತು ನಿಜ. 1948ರ ನವೆಂಬರ್‌ನಲ್ಲಿ ಕೆ.ಟಿ. ಶಾ ಅವರು ಈ ಅರ್ಥದ ಪದವನ್ನು ಸಂವಿಧಾನದಲ್ಲಿ ಸೇರಿಸಲು ತಂದ ತಿದ್ದುಪಡಿಯನ್ನು ಸಂವಿಧಾನ ಸಭೆ ಒಪ್ಪಿರಲಿಲ್ಲ ಎಂಬುದೂ ನಿಜ. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸುವವರು ಇನ್ನೊಂದು ಮತದಾನವನ್ನು ಮರೆಯುತ್ತಾರೆ. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು ಪೀಠಿಕೆಯು ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂದು ಸೂಚಿಸಿದರು. ಸಭೆಯಲ್ಲಿ ಆಸ್ತಿಕರೇ ಹೆಚ್ಚು ಇದ್ದರು. ಆದರೂ ನಂಬಿಕೆಯ ಸ್ವಾತಂತ್ರ್ಯವನ್ನು ವಾಗ್ದಾನ ಮಾಡುವ ಪೀಠಿಕೆಯು ಎಲ್ಲರ ಮೇಲೂ ಒಂದು ನಂಬಿಕೆಯನ್ನು ಹೇರುವುದು ಸರಿಯಲ್ಲ ಎಂಬ ಆಕ್ಷೇಪ ಹೃದಯನಾಥ ಕುಂಜ್ರು ಅವರಂಥ ಸದಸ್ಯರಿಂದ ಬಂತು. ಮತಕ್ಕೆ ಹಾಕಿದಾಗ ಸೂಚನೆಯ ಪರ 41, ವಿರುದ್ಧ 68 ಮತಗಳು ಬಿದ್ದವು. ದೇವರನ್ನು ನಂಬುವವರೇ ತಮ್ಮ ದೇವರನ್ನು ರಾಷ್ಟ್ರದ ಅಧಿಕೃತ ದೇವರನ್ನಾಗಿ ಮಾಡಲು ಒಪ್ಪಲಿಲ್ಲ. ಪದವಿರಲಿಲ್ಲವಾದರೂ ತತ್ವ ಅಂದೇ ಇತ್ತೆನ್ನಲು ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನನಗೆ ತಿಳಿದಿಲ್ಲ. ಇಂದಿಗೂ ಶಾಸಕರು, ಸಂಸದರು ಪ್ರಮಾಣವಚನ ಸ್ವೀಕರಿಸುವಾಗ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅಥವಾ ಶ್ರದ್ಧಾಪೂರ್ವಕವಾಗಿ ದೃಢೀಕರಿಸಬಹುದು. ಮೂರನೆಯ ಅನುಸೂಚಿ ಎರಡಕ್ಕೂ ಸಮಾನ ಮರ್ಯಾದೆ ಕೊಟ್ಟಿದೆ.

ಮುಂದೆ ಇದು ನ್ಯಾಯಾಲಯದಲ್ಲಿ ಗಟ್ಟಿಯಾದದ್ದು ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ. 1989ರಲ್ಲಿ ವಜಾಗೊಂಡ ಎಸ್.ಆರ್. ಬೊಮ್ಮಾಯಿ ಸರ್ಕಾರದ ಪ್ರಕರಣ ಹೊರಟದ್ದು ಬೇರೆಯೇ ಕಾರಣಕ್ಕೆ, ಅಂದರೆ ಬಹುಮತವನ್ನು ಅಳೆಯಬೇಕಾದದ್ದು ರಾಜಭವನದಲ್ಲೋ ಸದನದಲ್ಲೋ ಎಂಬ ಪ್ರಶ್ನೆಗೆ. 1992ರ ಡಿಸೆಂಬರ್‌ನ ಬಾಬರಿ ಮಸೀದಿ ಧ್ವಂಸದ ನಂತರ ವಜಾಗೊಂಡ ಮೂರು ರಾಜ್ಯ ಸರ್ಕಾರಗಳ ಪ್ರಕರಣಗಳೂ ಅದರ ಜೊತೆ ಸೇರಿದ್ದರಿಂದ, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲರಚನೆಯ, ಅಂದರೆ ತಿದ್ದುಪಡಿಯಿಂದಲೂ ಅಳಿಸಲಾಗದ ತಿರುಳಿನ, ಭಾಗವೆಂದು ಹೇಳಿತು. ಪೀಠಿಕೆಯಿಂದ ಆ ಪದವನ್ನು ತೆಗೆಯಬೇಕೆಂಬ ಅರ್ಜಿಗಳನ್ನು 2024ರ ನವೆಂಬರ್ 25ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಮುಜರಾಯಿಯ ಲೆಕ್ಕ

ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಆದರೆ ಈ ಹಕ್ಕು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಹಾಗೂ ಇತರ ಮೂಲಭೂತ ಹಕ್ಕುಗಳಿಗೆ ಒಳಪಟ್ಟದ್ದು. ಇದರ ಎರಡನೆಯ ಖಂಡವನ್ನು ಓದದೆ ನಮ್ಮ ಧರ್ಮನಿರಪೇಕ್ಷತೆಯ ವಿಶಿಷ್ಟತೆ ಅರ್ಥವಾಗುವುದಿಲ್ಲ. ಧಾರ್ಮಿಕ ಆಚರಣೆಗೆ ಅಂಟಿಕೊಂಡ ಆರ್ಥಿಕ, ರಾಜಕೀಯ ಅಥವಾ ಇತರ ಲೌಕಿಕ ಚಟುವಟಿಕೆಗಳನ್ನು ಸರ್ಕಾರ ನಿಯಂತ್ರಿಸಬಹುದು, ಸಮಾಜ ಸುಧಾರಣೆಗಾಗಿ ಕಾನೂನು ಮಾಡಬಹುದು, ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಎಲ್ಲ ವರ್ಗಗಳಿಗೂ ತೆರೆಸಬಹುದು ಎಂದು ಅದು ಹೇಳುತ್ತದೆ. 26ನೇ ವಿಧಿಯು ಧಾರ್ಮಿಕ ಪಂಗಡಗಳಿಗೆ ತಮ್ಮ ಧರ್ಮದ ವಿಷಯಗಳನ್ನು ತಾವೇ ನೋಡಿಕೊಳ್ಳುವ ಹಕ್ಕನ್ನು ಕೊಡುತ್ತದೆ, ಆದರೆ ಆಸ್ತಿಯ ಆಡಳಿತ ಮಾತ್ರ ಕಾನೂನಿನ ಪ್ರಕಾರ ನಡೆಯಬೇಕು. ಒಟ್ಟಿನಲ್ಲಿ ಪೂಜೆ ಅರ್ಚಕರದು, ಹುಂಡಿಯ ಲೆಕ್ಕ ಕಾನೂನಿನದು.

ಹೇಳಲು ಸುಲಭ. ಗೆರೆ ಎಲ್ಲಿ ಎಳೆಯುವುದು? 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದು ಧರ್ಮದ ಅವಿಭಾಜ್ಯ ಅಂಗ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದಿತು. ಮಠಾಧಿಪತಿಯ ಧಾರ್ಮಿಕ ಅಧಿಕಾರದಲ್ಲಿ ಸರ್ಕಾರ ಮೂಗು ತೂರಿಸದಂತೆ ತಡೆಯುವುದು ಆ ಮಾತಿನ ಉದ್ದೇಶವಾಗಿತ್ತು. ಕಾಲಕ್ರಮೇಣ ಅದು ತಿರುವುಮುರುವಾಗಿ, ಯಾವ ಆಚರಣೆ ಧರ್ಮಕ್ಕೆ ಅತ್ಯಗತ್ಯ, ಯಾವುದು ಅಲ್ಲ ಎಂದು ನ್ಯಾಯಾಧೀಶರೇ ಗ್ರಂಥಗಳನ್ನು ತಿರುವಿಹಾಕಿ ತೀರ್ಮಾನಿಸುವ ಪರೀಕ್ಷೆಯಾಯಿತು. ಉಡುಪಿಯ ಕಾಲೇಜಿನಿಂದ ಆರಂಭವಾದ ಹಿಜಾಬ್ ಪ್ರಕರಣದಲ್ಲಿ 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಇದೇ ಪರೀಕ್ಷೆಯನ್ನು ಬಳಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಾಗ, ಅವರಲ್ಲಿ ಒಬ್ಬರಾದ ಸುಧಾಂಶು ಧುಲಿಯಾ ಅವರು ಆ ಪರೀಕ್ಷೆಯ ಅಗತ್ಯವೇ ಇರಲಿಲ್ಲ ಎಂದರು. ನನ್ನ ಅಭಿಪ್ರಾಯದಲ್ಲಿ ಅವರ ಮಾತು ಸರಿ. ನ್ಯಾಯಾಲಯ ಕೇಳಬೇಕಾದದ್ದು ಒಂದು ಆಚರಣೆಯಿಂದ ಬೇರೆಯವರ ಹಕ್ಕಿಗೆ ಏನು ಧಕ್ಕೆ ಎಂಬುದನ್ನೇ ಹೊರತು, ಆ ಆಚರಣೆ ಶಾಸ್ತ್ರಸಮ್ಮತವೇ ಎಂಬುದನ್ನಲ್ಲ.

ಇದಕ್ಕೆ ಹೋಲಿಸಿದರೆ 1957ರಲ್ಲಿ ತೀರ್ಮಾನವಾದ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣ ಹೆಚ್ಚು ವಿವೇಕದ್ದೆನಿಸುತ್ತದೆ. ಅದು ಗೌಡ ಸಾರಸ್ವತ ಸಮುದಾಯದ ದೇವಸ್ಥಾನವೆಂದು ನ್ಯಾಯಾಲಯ ಒಪ್ಪಿತು. ಆದರೂ ಬೇರೆ ಜಾತಿಯವರನ್ನು ಪೂರ್ತಿ ಹೊರಗಿಡುವ ಹಕ್ಕು ಯಾವ ಪಂಗಡಕ್ಕೂ ಇಲ್ಲ, ಕೆಲವು ವಿಶೇಷ ಸೇವೆಗಳನ್ನು ಮಾತ್ರ ಸಮುದಾಯದವರಿಗೆ ಮೀಸಲಿಡಬಹುದು ಎಂದಿತು. ಪ್ರಕರಣದಲ್ಲಿ ಎದುರುವಾದಿಯಾಗಿದ್ದದ್ದು ಮೈಸೂರು ರಾಜ್ಯ, ಏಕೆಂದರೆ ಅಷ್ಟು ಹೊತ್ತಿಗೆ ದಕ್ಷಿಣ ಕನ್ನಡವು ಮದರಾಸು ಪ್ರಾಂತದಿಂದ ಇತ್ತ ಸೇರಿತ್ತು.

ದೇವಸ್ಥಾನಗಳಲ್ಲಿ ಸರ್ಕಾರವೇಕೆ ಎಂಬ ಪ್ರಶ್ನೆಗೆ ಹಳೆಯ ಮೈಸೂರಿನಲ್ಲಿ ಇನ್ನೊಂದು ಉತ್ತರವೂ ಇದೆ. ಇಲ್ಲಿ ಅರಸರ ಕಾಲದಲ್ಲೇ ಮುಜರಾಯಿ ಆಡಳಿತವಿತ್ತು. ಸಂವಿಧಾನ ಬರುವುದಕ್ಕೆ ದಶಕಗಳ ಮೊದಲೇ, 1909ರಲ್ಲಿ, ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನವೂ ಸೇರಿದಂತೆ ಮುಜರಾಯಿ ಸಂಸ್ಥೆಗಳಲ್ಲಿ ದೇವದಾಸಿಯರ ಸೇವೆಯನ್ನು ಮೈಸೂರು ಸರ್ಕಾರ ಕೊನೆಗೊಳಿಸಿತ್ತು. 1950ರ ದಶಕದಲ್ಲಿ ಇನಾಮು ಜಮೀನುಗಳು ರದ್ದಾದಾಗ ದೇವಸ್ಥಾನಗಳು ತಮ್ಮ ಹುಟ್ಟುವಳಿಯ ಮೂಲವನ್ನು ಕಳೆದುಕೊಂಡವು. ಅದಕ್ಕೆ ಪ್ರತಿಯಾಗಿ ಸರ್ಕಾರ ಕೊಡುವ ವಾರ್ಷಿಕ ಮೊತ್ತವೇ ತಸ್ತೀಕು. ಗ್ರಾಮದ ಸಣ್ಣ ಗುಡಿಗೆ ಬರುವ ಈ ಹಣವನ್ನು ಸರ್ಕಾರದ ಭಕ್ತಿಯೆಂದು ಭಾವಿಸುವವರಿದ್ದಾರೆ, ಓಲೈಕೆಯೆಂದು ಹಳಿಯುವವರೂ ಇದ್ದಾರೆ. ವಾಸ್ತವದಲ್ಲಿ ಅದರ ಹುಟ್ಟು ಒಂದು ಭೂಸುಧಾರಣೆಯ ಪರಿಹಾರದಲ್ಲಿದೆ.

ಇಂದು ರಾಜ್ಯದಲ್ಲಿ ಮುಜರಾಯಿಗೆ ಸೇರಿದ ದೇವಸ್ಥಾನಗಳು 34 ಸಾವಿರಕ್ಕೂ ಹೆಚ್ಚು. ವಾರ್ಷಿಕ ಆದಾಯ 25 ಲಕ್ಷ ರೂಪಾಯಿ ಮೀರಿದವು ಎ ವರ್ಗ, 5ರಿಂದ 25 ಲಕ್ಷದವು ಬಿ ವರ್ಗ, ಉಳಿದವು ಸಿ ವರ್ಗ. ಚಾಮುಂಡಿಬೆಟ್ಟ, ನಂಜನಗೂಡುಗಳಂಥವು ಕೈಬೆರಳಿನಲ್ಲಿ ಎಣಿಸುವಷ್ಟಲ್ಲದಿದ್ದರೂ ಕೆಲವೇ ನೂರು, ಬಹುಪಾಲು ಸಿ ವರ್ಗದ ಬಡ ಗುಡಿಗಳು. ದೊಡ್ಡ ದೇವಸ್ಥಾನಗಳ ಆದಾಯದ ಒಂದು ಪಾಲನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಹಾಕಿ ಸಣ್ಣವಕ್ಕೆ ನೆರವಾಗುವ ವ್ಯವಸ್ಥೆ ಇರುವುದು ಇದೇ ಕಾರಣಕ್ಕೆ. 2024ರ ಫೆಬ್ರುವರಿಯಲ್ಲಿ ಆ ಪಾಲನ್ನು ಹೆಚ್ಚಿಸುವ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಗಿ ಪರಿಷತ್ತಿನಲ್ಲಿ ಬಿದ್ದಾಗ ಎದ್ದ ಗದ್ದಲದಲ್ಲಿ, ಹಣ ದೊಡ್ಡ ಗುಡಿಯಿಂದ ಸಣ್ಣ ಗುಡಿಗೆ ಹೋಗುತ್ತದೆಂಬ ಮೂಲ ವಿಷಯವೇ ಮುಚ್ಚಿಹೋಯಿತು.

ಹಿಂದೂ ದೇವಸ್ಥಾನಗಳ ಮೇಲೆ ಮಾತ್ರ ಈ ಹತೋಟಿ ಏಕೆ ಎಂಬ ಆಕ್ಷೇಪವನ್ನು ಹಾಗೆಯೇ ತಳ್ಳಿಹಾಕುವಂತಿಲ್ಲ. ವಕ್ಫ್ ಆಸ್ತಿಗಳಿಗೂ ಕೇಂದ್ರದ ಕಾನೂನಿದೆ, ಸರ್ಕಾರ ರಚಿಸುವ ಮಂಡಳಿಯಿದೆ. ಆದರೂ ಸರ್ಕಾರದ ನೇರ ಅಧಿಕಾರಿಯೇ ಕಾರ್ಯನಿರ್ವಾಹಕನಾಗಿ ಕೂರುವ ಮಟ್ಟಿನ ಆಡಳಿತ ದೇವಸ್ಥಾನಗಳಲ್ಲೇ ಹೆಚ್ಚು. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆಯನ್ನು 2006ರಲ್ಲಿ ಹೈಕೋರ್ಟ್ ರದ್ದುಪಡಿಸಿತ್ತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಅದು ಉಳಿಯಿತು. ಚಾಮುಂಡೇಶ್ವರಿ ಕ್ಷೇತ್ರಕ್ಕೆಂದು 2024ರಲ್ಲಿ ತಂದ ಅಭಿವೃದ್ಧಿ ಪ್ರಾಧಿಕಾರದ ಕಾನೂನನ್ನು ಹಿಂದಿನ ರಾಜಮನೆತನವೇ ನ್ಯಾಯಾಲಯದಲ್ಲಿ ಪ್ರಶ್ನಿಸಿದೆ. ಆಸ್ತಿ ಕಾಯುವುದು ಸರಿಯಾದ ಪಾತ್ರ. ಕಾಯುತ್ತ ಕಾಯುತ್ತ ಸರ್ಕಾರವೇ ಯಜಮಾನನಾಗಿಬಿಟ್ಟರೆ ಅದು ಭಕ್ತರಿಗೂ ಒಳ್ಳೆಯದಲ್ಲ, ಸರ್ಕಾರಕ್ಕೂ ಶೋಭೆಯಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಹಾಕಿದ್ದನ್ನು ಮೈಸೂರಿಗರು ಹೆಮ್ಮೆಯಿಂದ ನೆನೆಯುತ್ತಾರೆ. ಹೆಮ್ಮೆ ಸಲ್ಲತಕ್ಕದ್ದೇ. ಆದರೆ ಅರಸರ ಔದಾರ್ಯವೇ ಬೇರೆ, ಪ್ರಜೆಯ ಹಕ್ಕೇ ಬೇರೆ. ಅರಸ ಕೊಟ್ಟದ್ದನ್ನು ಮುಂದಿನ ಅರಸ ಕಿತ್ತುಕೊಳ್ಳಬಹುದಿತ್ತು, 25ನೇ ವಿಧಿ ಕೊಟ್ಟದ್ದನ್ನು ಹಾಗೆ ಕಿತ್ತುಕೊಳ್ಳಲಾಗದು.

ಬೆಟ್ಟದ ಮೇಲಿನ ಉದ್ಘಾಟನೆ

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರನ್ನು ರಾಜ್ಯ ಸರ್ಕಾರ ಆ ವರ್ಷದ ದಸರಾ ಉದ್ಘಾಟನೆಗೆ ಆಹ್ವಾನಿಸಿತು. ಚಾಮುಂಡೇಶ್ವರಿಗೆ ಪೂಜೆ ಸಲ್ಲಿಸಿ ದೀಪ ಬೆಳಗುವ ವಿಧಿಯನ್ನು ಹಿಂದೂವಲ್ಲದವರು ನಡೆಸುವುದು ತಮ್ಮ ಧಾರ್ಮಿಕ ಹಕ್ಕಿಗೆ ಧಕ್ಕೆ ಎಂದು ಕೆಲವರು ಹೈಕೋರ್ಟಿಗೆ ಹೋದರು. ಅರ್ಜಿದಾರರಲ್ಲಿ ಮೈಸೂರಿನ ಮಾಜಿ ಸಂಸದರೂ ಇದ್ದರು. ಸೆಪ್ಟೆಂಬರ್ 15ರಂದು ಹೈಕೋರ್ಟ್, 19ರಂದು ಸುಪ್ರೀಂ ಕೋರ್ಟ್ ಅರ್ಜಿಗಳನ್ನು ವಜಾ ಮಾಡಿದವು. 22ರಂದು ಉದ್ಘಾಟನೆ ನಡೆಯಿತು. 2017ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್ ಅವರು ಇದೇ ದಸರಾವನ್ನು ಉದ್ಘಾಟಿಸಿದ್ದರೆಂಬುದೂ ವಾದದ ನಡುವೆ ಬಂತು.

ಈ ಪ್ರಕರಣವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದರೆ ದಸರಾದಲ್ಲಿ ಇರುವ ಪದರಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದು ದೇವಸ್ಥಾನದ್ದು: ಬೆಟ್ಟದಲ್ಲಿ ನವರಾತ್ರಿಯ ಪೂಜೆ, ಅಲಂಕಾರಗಳು ಅರ್ಚಕರ ಪರಂಪರೆಯಂತೆ ನಡೆಯುತ್ತವೆ, ಅದರಲ್ಲಿ ಸರ್ಕಾರದ ಅತಿಥಿಗೆ ಕೆಲಸವಿಲ್ಲ. ಎರಡನೆಯದು ಅರಮನೆಯದು: ಸಿಂಹಾಸನಾರೋಹಣ, ಖಾಸಗಿ ದರ್ಬಾರ್, ಆಯುಧಪೂಜೆ ಎಲ್ಲವೂ ರಾಜಮನೆತನದ ಸ್ವಂತ ಆಚರಣೆ. ಆ ಸಿಂಹಾಸನವೇರುವ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರು 2024ರಿಂದ ಈಚೆಗೆ ಮೈಸೂರು–ಕೊಡಗು ಕ್ಷೇತ್ರದ ಚುನಾಯಿತ ಸಂಸದರೂ ಹೌದು. ದರ್ಬಾರಿನಲ್ಲಿ ಅವರು ಕೂರುವುದು ಕುಟುಂಬದ ಹಿರಿಮೆಯಿಂದ, ಲೋಕಸಭೆಯಲ್ಲಿ ಕೂರುವುದು ಮತದಾರರ ಮತದಿಂದ. ಮೂರನೆಯ ಪದರ ಸರ್ಕಾರದ್ದು: ಉದ್ಘಾಟನೆ, ಸಾಂಸ್ಕೃತಿಕ ಕಾರ್ಯಕ್ರಮಗಳು, ರೈತ ದಸರಾ, ವಸ್ತುಪ್ರದರ್ಶನ, ಜಂಬೂಸವಾರಿ.

ಈ ಮೂರನೆಯ ಪದರದ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಈ ಉತ್ಸವದಲ್ಲಿ ಕಾಲಾಂತರದಲ್ಲಿ ಅಂಬಾರಿಯ ಮೇಲೆ ಮೆರೆಯುತ್ತಿದ್ದವರು ಮಹಾರಾಜರು. 1971ರಲ್ಲಿ ರಾಜಧನ ರದ್ದಾದ ಆಸುಪಾಸಿನ ವರ್ಷಗಳಲ್ಲಿ ಉತ್ಸವ ಜನರ ಹಾಗೂ ಸರ್ಕಾರದ ಕೈಗೆ ಬಂದಾಗ, ಅರಸರ ಜಾಗದಲ್ಲಿ ಅಂಬಾರಿಗೆ ಏರಿದ್ದು ಚಾಮುಂಡೇಶ್ವರಿಯ ಮೂರ್ತಿ. ಅಂದರೆ ರಾಜಪ್ರಭುತ್ವ ಹೋಗಿ ಪ್ರಜಾಪ್ರಭುತ್ವ ಬಂದ ಮೇಲೆ ಮೆರವಣಿಗೆಯ ಹೊರರೂಪ ಇನ್ನಷ್ಟು ಧಾರ್ಮಿಕವಾಯಿತು. ಮುಖ್ಯಮಂತ್ರಿಯನ್ನು ಅಂಬಾರಿಯಲ್ಲಿ ಕೂರಿಸಲು ಯಾರಿಗೂ ಮನಸ್ಸು ಬಂದಿರಲಾರದು. ಅದು ಒಳ್ಳೆಯದೇ ಆಯಿತು.

ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರ ಪರ ವಕೀಲರು ಒಂದು ವ್ಯತ್ಯಾಸವನ್ನು ಮುಂದಿಟ್ಟರು: ಉತ್ಸವದ ಉದ್ಘಾಟನೆ ಲೌಕಿಕ ಕಾರ್ಯ, ಅದಕ್ಕೆ ತಕರಾರಿಲ್ಲ, ಆದರೆ ದೇವಸ್ಥಾನದ ಒಳಗಿನ ಪೂಜೆ ಶುದ್ಧ ಧಾರ್ಮಿಕ ಕಾರ್ಯ. ಇದು ಸರ್ಕಾರ ನಡೆಸುವ ಕಾರ್ಯಕ್ರಮ, ಸರ್ಕಾರ ಜನರ ನಡುವೆ ಭೇದ ಮಾಡಲು ಹೇಗೆ ಸಾಧ್ಯ ಎಂಬ ಅರ್ಥದಲ್ಲಿ ಪೀಠ ಮರುಪ್ರಶ್ನೆ ಕೇಳಿತು, ಪೀಠಿಕೆಯನ್ನೂ ನೆನಪಿಸಿತು. ವಕೀಲರ ವ್ಯತ್ಯಾಸದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. 25ನೇ ವಿಧಿ ನಿಂತಿರುವುದೇ ಆ ಬಗೆಯ ವ್ಯತ್ಯಾಸದ ಮೇಲೆ. ಆದರೆ ಅದರಿಂದ ಹೊರಡುವ ತೀರ್ಮಾನ ಅರ್ಜಿದಾರರಿಗೆ ಬೇಕಾದದ್ದಲ್ಲ. ಸರ್ಕಾರ ತನ್ನ ಉತ್ಸವದ ಉದ್ಘಾಟನೆಯನ್ನು ತಾನಾಗಿ ದೇವಸ್ಥಾನದ ಅಂಗಳಕ್ಕೆ ಒಯ್ದಿದೆ. ಒಯ್ದ ಮೇಲೆ ಅದು ಆತಿಥೇಯ. ಆತಿಥೇಯನಾದ ಸರ್ಕಾರ ಅತಿಥಿಯ ಧರ್ಮವನ್ನು ವಿಚಾರಿಸಿದರೆ, ಧರ್ಮದ ಆಧಾರದ ಮೇಲೆ ಭೇದ ಮಾಡಬಾರದೆನ್ನುವ 15ನೇ ವಿಧಿಯನ್ನು ಮುರಿದಂತೆ. ವಿಧಿಯ ಶುದ್ಧತೆಯೇ ಮುಖ್ಯವೆನ್ನುವವರು ನ್ಯಾಯವಾಗಿ ಕೇಳಬೇಕಾದದ್ದು, ಸರ್ಕಾರವೇ ಬೆಟ್ಟದಿಂದ ಕೆಳಗಿಳಿದು ಬೇರೆಲ್ಲಾದರೂ ಉದ್ಘಾಟನೆ ಮಾಡಲಿ ಎಂದು. ಸರ್ಕಾರದ ಹಣ, ಸರ್ಕಾರದ ಸಮಿತಿ, ಸರ್ಕಾರದ ಪೊಲೀಸರು ಬೇಕು, ಅತಿಥಿ ಮಾತ್ರ ನಮ್ಮ ಮತದವರಿರಬೇಕು ಎಂಬ ಬೇಡಿಕೆ ಸಂವಿಧಾನದ ಯಾವ ವಿಧಿಯಲ್ಲೂ ನಿಲ್ಲುವುದಿಲ್ಲ.

ಬಾಗಿನ ಮತ್ತು ಆರತಿ

ಕೃಷ್ಣರಾಜಸಾಗರದ ನೀರಿನ ಮಟ್ಟ 124.80 ಅಡಿ ಮುಟ್ಟಿದಾಗ ಬಾಗಿನ ಅರ್ಪಿಸುವ ರೂಢಿಗೆ ಯಾವ ಪಕ್ಷದ ಮುಖ್ಯಮಂತ್ರಿಯೂ ಹೊರತಾಗಿಲ್ಲ. 2025ರಲ್ಲಿ ಜೂನ್ ಮುಗಿಯುವ ಮುನ್ನವೇ ಕಟ್ಟೆ ತುಂಬಿ ಬಾಗಿನ ಸಂದಿತು. ಇಲ್ಲಿ ಸರ್ಕಾರ ಭಕ್ತನ ಪಾತ್ರಕ್ಕೆ ಬಹಳ ಹತ್ತಿರ ಬಂದಿದೆ ಎಂದು ಕಟ್ಟುನಿಟ್ಟಿನವರು ಹೇಳಬಹುದು. ಆದರೂ ಮಂಡ್ಯದ ರೈತರಲ್ಲಿ ಯಾವ ಮತದವನಿಗೂ ಇದರಿಂದ ತಾನು ಹೊರಗಿನವನೆನಿಸುವುದಿಲ್ಲ, ಏಕೆಂದರೆ ನಾಲೆಯ ನೀರು ಎಲ್ಲರ ಗದ್ದೆಗೂ ಹರಿಯುತ್ತದೆ. ಅದೇ 2025ರಲ್ಲಿ ಗಂಗಾರತಿಯ ಮಾದರಿಯಲ್ಲಿ ಕಾವೇರಿ ಆರತಿ ನಡೆಸಲು ಸುಮಾರು 92 ಕೋಟಿ ರೂಪಾಯಿಯ ಯೋಜನೆ ಬಂದಾಗ ವಿರೋಧ ಎದ್ದಿತು, ಅದರಲ್ಲಿ ರೈತ ಸಂಘಟನೆಗಳೇ ಮುಂದಿದ್ದವು. ಅವರ ಆಕ್ಷೇಪ ಧರ್ಮದ ಬಗ್ಗೆ ಆಗಿರಲಿಲ್ಲ. ಅಣೆಕಟ್ಟಿನ ಸುರಕ್ಷತೆ ಏನಾಗುತ್ತದೆ, ನಾಲೆಗಳ ಕೆಲಸಕ್ಕಿಲ್ಲದ ಹಣ ಇದಕ್ಕೆ ಎಲ್ಲಿಂದ ಬಂತು ಎಂದು ಅವರು ಕೇಳಿದರು.

ತೆರಿಗೆ ಹಣವನ್ನು ಧಾರ್ಮಿಕ ಸಮಾರಂಭಕ್ಕೆ ಬಳಸಬಹುದೇ ಎಂಬುದಕ್ಕೆ 27ನೇ ವಿಧಿ ಕೊಡುವ ಉತ್ತರ ಅನೇಕರು ತಿಳಿದಷ್ಟು ಬಿಗಿಯಾದದ್ದಲ್ಲ. ಒಂದು ನಿರ್ದಿಷ್ಟ ಧರ್ಮದ ಉತ್ತೇಜನಕ್ಕೆಂದೇ ಮೀಸಲಾದ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಬಲವಂತಪಡಿಸಬಾರದು ಎಂದಷ್ಟೇ ಅದು ಹೇಳುತ್ತದೆ. ಹಜ್ ಸಹಾಯಧನವನ್ನು ಪ್ರಶ್ನಿಸಿದ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಒಟ್ಟು ತೆರಿಗೆಯ ಗಣನೀಯ ಪಾಲು ಒಂದು ಧರ್ಮಕ್ಕೆ ಹೋದರೆ ಮಾತ್ರ ಈ ವಿಧಿಯ ಉಲ್ಲಂಘನೆಯಾಗುತ್ತದೆ ಎಂದಿತು. ಮರುವರ್ಷ ಬೇರೊಂದು ಪ್ರಕರಣದಲ್ಲಿ ಆ ಸಹಾಯಧನವನ್ನು ಹತ್ತು ವರ್ಷಗಳೊಳಗೆ ನಿಲ್ಲಿಸಲು ಹೇಳಿತು, 2018ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಸ್ವತಃ ಸಂವಿಧಾನದ 290ಎ ವಿಧಿ ಕೇರಳ ಮತ್ತು ತಮಿಳುನಾಡು ಸರ್ಕಾರಗಳು ದೇವಸ್ವಂ ನಿಧಿಗಳಿಗೆ ಪ್ರತಿವರ್ಷ ಹಣ ಕೊಡಬೇಕೆಂದು ಬರೆದಿಟ್ಟಿದೆ. ಹಾಗಾಗಿ ಬಾಗಿನವಾಗಲಿ ಆರತಿಯಾಗಲಿ ನ್ಯಾಯಾಲಯದಲ್ಲಿ ಸುಲಭಕ್ಕೆ ಬೀಳುವುದಿಲ್ಲ. ಆದರೆ ಕಾನೂನು ತಡೆಯದಿರುವುದೆಲ್ಲ ಮಾಡಲು ತಕ್ಕದ್ದೆಂದು ಅರ್ಥವಲ್ಲ. ಜನ ತಲೆಮಾರುಗಳಿಂದ ನಡೆಸಿಕೊಂಡು ಬಂದ ಆಚರಣೆಗೆ ಸರ್ಕಾರ ಜೊತೆಗೂಡುವುದಕ್ಕೂ, ಯಾರೂ ಕೇಳದ ಹೊಸ ಪೂಜೆಯೊಂದನ್ನು ಸರ್ಕಾರವೇ ಹುಟ್ಟುಹಾಕುವುದಕ್ಕೂ ಅಂತರವಿದೆ.

ಬೀದಿಯಲ್ಲಿ

ಸರ್ಕಾರ ಮಧ್ಯಸ್ಥನಾಗಿ ನಿಲ್ಲಲೇಬೇಕಾದ ಜಾಗ ಬೀದಿ. ಮಂಡ್ಯ ತಾಲ್ಲೂಕಿನ ಕೆರಗೋಡಿನಲ್ಲಿ 108 ಅಡಿಯ ಧ್ವಜಸ್ತಂಭದಲ್ಲಿ ಹಾರಿಸಿದ್ದ ಹನುಮಧ್ವಜವನ್ನು 2024ರ ಜನವರಿ 28ರಂದು ಆಡಳಿತ ಇಳಿಸಿ ರಾಷ್ಟ್ರಧ್ವಜ ಹಾರಿಸಿದಾಗ ದೊಡ್ಡ ಗಲಾಟೆಯಾಯಿತು. ಸಾರ್ವಜನಿಕ ಜಾಗದ ಆ ಸ್ತಂಭದಲ್ಲಿ ರಾಷ್ಟ್ರಧ್ವಜ ಮತ್ತು ಕನ್ನಡ ಧ್ವಜಕ್ಕಷ್ಟೇ ಅನುಮತಿಯಿತ್ತು ಎಂದು ಆಡಳಿತ ಹೇಳಿತು. ಊರಿನ ಜನ ಸೇರಿ ನಿಲ್ಲಿಸಿದ ಸ್ತಂಭ ಎಂದು ಪ್ರತಿಭಟನಕಾರರು ಹೇಳಿದರು. ಹನುಮನ ಮೇಲಿನ ಭಕ್ತಿಯ ಪ್ರಶ್ನೆ ಇಲ್ಲಿರಲೇ ಇಲ್ಲ. ಅದೇ ಧ್ವಜ ಒಬ್ಬರ ಸ್ವಂತ ಮನೆಯ ಮೇಲೋ ಗುಡಿಯ ಮೇಲೋ ಹಾರಿದ್ದರೆ ಯಾವ ಅಧಿಕಾರಿಯೂ ಮುಟ್ಟುವಂತಿರಲಿಲ್ಲ. ಪಂಚಾಯಿತಿಯ ಜಾಗ ಎಲ್ಲರಿಗೂ ಸೇರಿದ್ದಾದ್ದರಿಂದ, ಅಲ್ಲಿನ ಕಂಬಕ್ಕೆ ಒಂದು ಮತದ ಬಾವುಟ ಶಾಶ್ವತವಾಗಿ ಏರಿದರೆ ಪಂಚಾಯಿತಿಯೇ ಆ ಮತದ್ದಾದಂತೆ ಕಾಣುತ್ತದೆ. ಅಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು: ಧ್ವಜ ಹಾರುವ ಮುಂಚೆಯೇ ಊರಿನವರನ್ನು ಕೂರಿಸಿಕೊಂಡು ಷರತ್ತನ್ನು ಬಿಡಿಸಿ ಹೇಳಿದ್ದರೆ ಅರ್ಧ ತಾಪ ಅಲ್ಲೇ ತಣಿಯುತ್ತಿತ್ತು.

ಇದಕ್ಕೆ ಮೊದಲು, 2021ರ ಸೆಪ್ಟೆಂಬರ್‌ನಲ್ಲಿ, ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮನ ಗುಡಿಯನ್ನು ಅಧಿಕಾರಿಗಳು ಕೆಡವಿದ್ದರು. ಸಾರ್ವಜನಿಕ ಸ್ಥಳಗಳಲ್ಲಿ ಹೊಸ ಧಾರ್ಮಿಕ ಕಟ್ಟಡಗಳಿಗೆ ಅವಕಾಶ ಕೊಡಬಾರದು, ಇರುವುದನ್ನು ಒಂದೊಂದಾಗಿ ಪರಿಶೀಲಿಸಿ ನೀತಿ ರೂಪಿಸಬೇಕು ಎಂಬ 2009ರ ಸುಪ್ರೀಂ ಕೋರ್ಟ್ ಆದೇಶವನ್ನು ಪಾಲಿಸುವ ಭರದಲ್ಲಿ, ಆದೇಶದಲ್ಲೇ ಇದ್ದ ಪರಿಶೀಲನೆಯ ವಿವೇಕ ಕಳೆದುಹೋಯಿತು. ಜನ ರೊಚ್ಚಿಗೆದ್ದರು. ಆಗಿನ ಸರ್ಕಾರ ತಿಂಗಳೊಳಗೆ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾನೂನನ್ನೇ ತಂದಿತು. ಅದು ಎಲ್ಲ ಧರ್ಮಗಳ ಕಟ್ಟಡಗಳಿಗೂ ಅನ್ವಯಿಸುತ್ತದೆ ಎಂಬುದು ಸಮಾಧಾನ. ರಸ್ತೆಯ ಮಧ್ಯದ ಗುಡಿ, ಗೋರಿ, ಶಿಲುಬೆ ಎಲ್ಲವೂ ಹಾಗೆಯೇ ಉಳಿಯುವಂತಾಯಿತು ಎಂಬುದು ಚಿಂತೆ. ಧ್ವನಿವರ್ಧಕದ ವಿಷಯ ಮಾತ್ರ ಸರಳ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ಹರಿಕಥೆಯಾಗಲಿ ಆಜಾನ್ ಆಗಲಿ ಚರ್ಚಿನ ಪ್ರಾರ್ಥನೆಯಾಗಲಿ ಡೆಸಿಬಲ್ ಮಾಪನಕ್ಕೆ ಒಂದೇ.

ಮಠಗಳ ವಿಷಯಕ್ಕೆ ಬಂದರೆ ಧರ್ಮದ ಸಾರ್ವಜನಿಕ ಪಾತ್ರದ ಇನ್ನೊಂದು ಮುಖ ಕಾಣುತ್ತದೆ. ಸುತ್ತೂರು ಮಠದ ಜೆಎಸ್ಎಸ್ ಸಂಸ್ಥೆಗಳು, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ಶಾಲಾ ಕಾಲೇಜುಗಳು, ಅವುಗಳ ವಿದ್ಯಾರ್ಥಿನಿಲಯಗಳು ಇಲ್ಲದಿದ್ದರೆ ಈ ಎರಡು ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರು ಇರುತ್ತಿರಲಿಲ್ಲ. ಪೂರ್ತಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಾರದು, ಅನುದಾನಿತ ಶಾಲೆಯಲ್ಲಿದ್ದರೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದರಲ್ಲಿ ಕೂರಿಸಬಾರದು ಎಂದು 28ನೇ ವಿಧಿ ಹೇಳುತ್ತದೆ. ಮಠಗಳ ಶಾಲೆಗಳಿಗೆ ಎಲ್ಲ ಜಾತಿ ಮತಗಳ ಮಕ್ಕಳೂ ಬರುವಾಗ ಈ ನಿಯಮ ಅವರ ರಕ್ಷೆ. ಸೇವೆಯ ಈ ಪಾತ್ರವನ್ನು ಯಾವ ಧರ್ಮನಿರಪೇಕ್ಷತೆಯೂ ಆಕ್ಷೇಪಿಸಬೇಕಿಲ್ಲ. ಆಕ್ಷೇಪಿಸಬೇಕಾದದ್ದು ಬಜೆಟ್‌ನಲ್ಲಿ ಯಾವ ಮಾನದಂಡವೂ ಇಲ್ಲದೆ ಮಠಗಳಿಗೆ ಹಂಚುವ ಅನುದಾನವನ್ನು, ಚುನಾವಣೆ ಹತ್ತಿರವಾದಾಗ ಮಠದ ಅಂಗಳದಲ್ಲಿ ಹೆಚ್ಚುವ ಕಾರುಗಳನ್ನು.

ಚುನಾವಣೆಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯ 123(3)ನೇ ಕಲಮಿನಂತೆ ಭ್ರಷ್ಟ ಆಚರಣೆ, ಆಯ್ಕೆಯನ್ನೇ ರದ್ದುಪಡಿಸಬಲ್ಲ ದೋಷ. ಅದು ಅಭ್ಯರ್ಥಿಯ ಧರ್ಮಕ್ಕೆ ಮಾತ್ರ ಅನ್ವಯಿಸುತ್ತದೋ, ಮತದಾರನ ಧರ್ಮಕ್ಕೂ ಅನ್ವಯಿಸುತ್ತದೋ ಎಂಬ ವಿವಾದದಲ್ಲಿ 2017ರ ಜನವರಿ 2ರಂದು ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಿಂದ ಎರಡಕ್ಕೂ ಅನ್ವಯಿಸುತ್ತದೆ ಎಂದಿತು. ಭಿನ್ನಮತದ ಮೂವರು, ಧರ್ಮ ಜಾತಿಗಳ ಕಾರಣಕ್ಕೇ ಅನ್ಯಾಯಕ್ಕೊಳಗಾದ ಜನರು ಆ ಅನ್ಯಾಯವನ್ನು ಚುನಾವಣೆಯಲ್ಲಿ ಮಾತಾಡದೆ ಇನ್ನೆಲ್ಲಿ ಮಾತಾಡಬೇಕು ಎಂಬ ಆತಂಕವನ್ನು ಮುಂದಿಟ್ಟರು. ದೇವಸ್ಥಾನ ಪ್ರವೇಶಕ್ಕಾಗಿ ಇಂದಿಗೂ ತಹಶೀಲ್ದಾರರು ಊರಿಗೆ ಹೋಗಿ ಶಾಂತಿಸಭೆ ನಡೆಸಬೇಕಾದ ಹಳ್ಳಿಗಳು ನಮ್ಮ ಸೀಮೆಯಲ್ಲೇ ಇರುವಾಗ, ಅಂಥ ಹಳ್ಳಿಯ ದಲಿತ ಅಭ್ಯರ್ಥಿಯೊಬ್ಬ ಗುಡಿಯ ಬಾಗಿಲು ತೆರೆಸುತ್ತೇನೆಂದು ಹೇಳಿ ಮತ ಕೇಳಿದರೆ, ಆತ ಧರ್ಮದ ಹೆಸರಿನಲ್ಲಿ ಮತ ಕೇಳಿದನೋ, ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ಮತ್ತು 25ನೇ ವಿಧಿಗಳ ಹೆಸರಿನಲ್ಲಿ ಕೇಳಿದನೋ ಎಂಬುದಕ್ಕೆ ಬಹುಮತದ ತೀರ್ಪಿನಲ್ಲಿ ನೇರವಾದ ಉತ್ತರ ಸಿಗುವುದಿಲ್ಲ.